ಗಡ್ಡ ಬಿಡಿ, ಫೋನ್ ಮಾಡ್ತೀವಿ

ನಮ್ಮ ಬಚ್ಚಲುಮನೆಯ ಕಿಟಕಿಯಲ್ಲಿ ಒಂದು ಹಳೆಯ ಸ್ಟೀಲ್ ಲೋಟವಿದೆ. ಅದರೊಳಗೆ ನಮ್ಮ ಯಜಮಾನರ ಶೇವಿಂಗ್ ಬ್ರಷ್ಷು ತಲೆ ಮೇಲೆ ಮಾಡಿಕೊಂಡು ನಿಂತಿರುತ್ತದೆ. ನಾನು ಮದುವೆಯಾಗಿ ಹೊಸಹಳ್ಳಿಯ ಈ ಮನೆಗೆ ಕಾಲಿಟ್ಟ ಮೇಲೆ ಬ್ರಷ್ಷುಗಳು ಎಷ್ಟೋ ಬದಲಾದವು, ಲೋಟ ಮಾತ್ರ ಅದೇ, ಮತ್ತು ಅದರೊಳಗಿನ ಬ್ರಷ್ಷು ಒಣಗಿದ್ದನ್ನು ನಾನು ಕಂಡವಳಲ್ಲ. ನಾನು ಸ್ನಾನಕ್ಕೆ ಹೋಗುವ ಹೊತ್ತಿಗೆ ಅದು ಒದ್ದೆಯಾಗಿರುತ್ತಿತ್ತು, ಕಿಟಕಿಯ ಅಂಚಿನಲ್ಲಿ ನೊರೆ ಚೆಲ್ಲಿರುತ್ತಿತ್ತು, ಅದನ್ನು ಒರೆಸುತ್ತ ನಾನು ಗೊಣಗುತ್ತಿದ್ದೆ, ಅಲ್ಲಿಗೆ ನಮ್ಮ ದಿನ ಶುರುವಾಯಿತೆಂದು ಲೆಕ್ಕ. ಇಂಥ ಬ್ರಷ್ಷು ಹೋದ ರಾಜ್ಯೋತ್ಸವ ಕಳೆದದ್ದೇ ಒಣಗತೊಡಗಿತು. ಯುಗಾದಿಯ ಹೊತ್ತಿಗೆ ಆ ಲೋಟದಲ್ಲಿ ನಾನು ಬಟ್ಟೆಯ ಕ್ಲಿಪ್ಪು, ಸೇಫ್ಟಿ ಪಿನ್ನು ಇಡಲು ಶುರುಮಾಡಿದ್ದೆ. ಕಾರಣ ಹೇಳಿದರೆ ನೀವು ನಗುತ್ತೀರಿ. ನಗಿ, ಅದಕ್ಕೇನಂತೆ, ಅನುಭವಿಸಿದವಳು ನಾನು ತಾನೇ. ಕಾರಣ ಒಂದು ಸಿನಿಮಾ. ಬಿಡುಗಡೆಯಾದ ಸಿನಿಮಾ ಅಲ್ಲ, ಚಿತ್ರೀಕರಣ ಮುಗಿದ ಸಿನಿಮಾ ಕೂಡ ಅಲ್ಲ, ಬರಲಿರುವ ಸಿನಿಮಾ.

ಈ ‘ಬರಲಿರುವ’ ಎಂಬ ಪದ ನನ್ನ ಸಂಸಾರಕ್ಕೆ ಮಾಡಿದ ಉಪದ್ರವ ಅಷ್ಟಿಷ್ಟಲ್ಲ. ನಾವು ಚಿಕ್ಕವರಿದ್ದಾಗ ಚಿತ್ರ ಬಂದ ಮೇಲೆಯೇ ಚಿತ್ರ ಬಂತೆಂದು ತಿಳಿಯುತ್ತಿತ್ತು. ಗೋಡೆಗೆ ಪೋಸ್ಟರ್ ಅಂಟಿಸಿದ ಮೈದಾಹಿಟ್ಟಿನ ಗೋಂದು ಆರುವ ಮೊದಲೇ ನಮ್ಮ ಚಿಕ್ಕಮ್ಮ ಮ್ಯಾಟಿನಿಗೆ ಹೊರಟು ನಿಂತಿರುತ್ತಿದ್ದಳು. ಈಗ ಹಾಗಲ್ಲ. ಈಗ ಬಂದ ಚಿತ್ರಗಳಿಗಿಂತ ಬರಲಿರುವ ಚಿತ್ರಗಳೇ ಹೆಚ್ಚು ದಿನ ಓಡುತ್ತವೆ. ನಾಳೆ ಬೆಳಿಗ್ಗೆ ಒಂದು ಸುದ್ದಿ ಹೇಳುತ್ತೇವೆ ಎಂಬುದೇ ಇವತ್ತಿನ ಸುದ್ದಿ. ನಾಳೆ ಬೆಳಿಗ್ಗೆ ನೋಡಿದರೆ ಹೆಸರು ಯಾವತ್ತು ಹೇಳುತ್ತೇವೆ ಎಂಬ ದಿನಾಂಕ. ಆ ದಿನ ಬಂದರೆ ಹೊಗೆಯ ನಡುವೆ ಬೆನ್ನು ತಿರುಗಿಸಿ ನಿಂತ ಒಬ್ಬ ಮನುಷ್ಯ. ಆ ಬೆನ್ನು ಯಾರದೆಂದು ರಾಜ್ಯಕ್ಕೆ ರಾಜ್ಯವೇ ತಲೆ ಕೆಡಿಸಿಕೊಳ್ಳಬೇಕು. ನಾಯಕಿ ಇವಳಂತೆ, ಅಲ್ಲ ಅವಳಂತೆ, ಅವಳು ಒಲ್ಲೆ ಎಂದಳಂತೆ, ಇವಳು ಮೊದಲೇ ಒಲ್ಲೆ ಎಂದಿದ್ದಳಂತೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎನ್ನುತ್ತಾರಲ್ಲ, ಇಲ್ಲಿ ಕುಲಾವಿಗೆ ಬಣ್ಣ ಯಾವುದೆಂದು ಹೇಳುವುದಕ್ಕೇ ಒಂದು ಸಮಾರಂಭ. ಇದನ್ನೆಲ್ಲ ದೂರದಿಂದ ನೋಡಿ ನಕ್ಕು ಸುಮ್ಮನಾಗಬಹುದಿತ್ತು. ಆದರೆ ನನ್ನ ಗಂಡ ಆ ಕುಲಾವಿಯೊಳಗೆ ತಲೆ ತೂರಿಸಿ ಕೂತುಬಿಟ್ಟಿದ್ದರು.

ನಮ್ಮ ಯಜಮಾನರು ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ದುಡಿಮೆ ಹೊಟ್ಟೆಗೆ, ನಾಟಕ ಜೀವಕ್ಕೆ. ಪ್ರತಿ ನವೆಂಬರಿನಲ್ಲಿ ಬಡಾವಣೆಯ ಕನ್ನಡ ಸಂಘದವರು ರಸ್ತೆಗೆ ಅಡ್ಡಲಾಗಿ ಶಾಮಿಯಾನ ಹಾಕಿ ಆಡಿಸುವ ನಾಟಕದಲ್ಲಿ ಇವರಿಗೊಂದು ಪಾತ್ರ ಕಡ್ಡಾಯ, ಮತ್ತು ಅದು ಕಡ್ಡಾಯವಾಗಿ ತಂದೆಯ ಪಾತ್ರ. ತುಂಬು ಯೌವನದಲ್ಲೇ ಕೂದಲಿಗೆ ಪೌಡರ್ ಬಳಿದುಕೊಂಡು, ತಮಗಿಂತ ದೊಡ್ಡವನಾದ ನಾಯಕನಿಗೆ ತಂದೆಯಾಗಿ, ‘ಮಗನೇ’ ಎಂದು ಎದೆಗೊತ್ತಿಕೊಂಡವರು ಇವರು. ಸ್ಪಿರಿಟ್ ಗಮ್ಮಿನಿಂದ ಅಂಟಿಸಿದ ಗಡ್ಡವನ್ನು ನಾಟಕ ಮುಗಿದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಮೆಲ್ಲಗೆ ಬಿಡಿಸುವುದು ನನ್ನ ಕೆಲಸವಾಗಿತ್ತು. ಕಿವಿಯ ಹತ್ತಿರ ಶುರುಮಾಡಬೇಕು, ಅಲ್ಲೇ ಅಂಟು ಮೊದಲು ಬಿಡುವುದು. ಎಷ್ಟು ಹುಷಾರಾಗಿ ಬಿಡಿಸಿದರೂ ಮರುದಿನ ಕೆನ್ನೆ ಕೆಂಪಗಿರುತ್ತಿತ್ತು, ಹಾಗೇ ಡ್ಯೂಟಿಗೆ ಹೋಗುತ್ತಿದ್ದರು. ಸಿನಿಮಾದಲ್ಲಿ ಒಂದೇ ಒಂದು ಸಲ, ನಾಯಕನ ಹಿಂದೆ ಗುಂಪಿನಲ್ಲಿ ನಿಲ್ಲುವುದಲ್ಲ, ಹೆಸರಿರುವ ಒಂದು ಪಾತ್ರ ಮಾಡಬೇಕು ಎನ್ನುವುದು ಅವರ ಆಸೆ. ಬಾಯಿಬಿಟ್ಟು ಹೇಳಿದವರಲ್ಲ. ಚಿತ್ರ ಮುಗಿದು ಹೆಸರುಗಳು ಮೇಲೇರತೊಡಗಿದಾಗ ಎಲ್ಲರೂ ಎದ್ದು ಹೋದರೂ ಇವರು ಕೊನೆಯ ಹೆಸರಿನವರೆಗೆ ಕೂತಿರುತ್ತಿದ್ದರು, ಅದರಿಂದ ನನಗೆ ಗೊತ್ತು.

ಹೋದ ರಾಜ್ಯೋತ್ಸವದ ನಾಟಕವನ್ನು ಒಬ್ಬ ಸಹನಿರ್ದೇಶಕ ರಸ್ತೆಯಂಚಿನಲ್ಲಿ ಬೈಕ್ ನಿಲ್ಲಿಸಿ ನೋಡಿದನಂತೆ. ಮರುವಾರ ನಂದಿನಿ ಲೇಔಟಿನ ಒಂದು ಮಹಡಿಯ ಮೇಲಿನ ಆಫೀಸಿಗೆ ಕರೆಸಿ, ಮುಂದೆ ಹಿಂದೆ ಪಕ್ಕ ಎಲ್ಲ ಕಡೆಯಿಂದ ಫೋಟೋ ತೆಗೆದು, ಮಗಳಿಗಾಗಿ ಕಾಯುತ್ತ ಕೂತ ಒಬ್ಬ ತಂದೆಯ ಮಾತುಗಳನ್ನು ಇವರಿಂದ ಹೇಳಿಸಿದರಂತೆ. ಹೇಳಿ ಮುಗಿಸಿದಾಗ ನಿರ್ದೇಶಕರು ಎದ್ದು ಬಂದು ಇವರ ಕೈ ಹಿಡಿದುಕೊಂಡರಂತೆ. ಆಮೇಲೆ, “ತಂದೆ ಪಾತ್ರ ನಿಮ್ದೇ ಸಾರ್. ಗಡ್ಡ ಬಿಡಿ, ಟ್ರಿಮ್ ಗಿಮ್ ಏನೂ ಮಾಡಿಸ್ಬೇಡಿ. ನಾವು ಅನೌನ್ಸ್ ಮಾಡೋ ತನಕ ಯಾರಿಗೂ ಹೇಳ್ಬೇಡಿ. ಫೋನ್ ಮಾಡ್ತೀವಿ” ಎಂದರಂತೆ. ಈ ‘ಅಂತೆ’ಗಳನ್ನೆಲ್ಲ ನಮ್ಮವರು ಬಾಗಿಲು ಹಾಕಿ, ಕಿಟಕಿ ಹಾಕಿ, ಮಿಕ್ಸಿ ಓಡಿಸಿ ನನಗೆ ಹೇಳಿದರು. ಆ ದಿನ ಅವರ ಮುಖ ನೋಡಿದ್ದರೆ ನಿಮಗೂ ಸಂತೋಷವಾಗುತ್ತಿತ್ತು, ನನಗೂ ಆಯಿತು. ಸುಳ್ಳೇಕೆ ಹೇಳಲಿ, ಅವತ್ತು ಪಾಯಸ ಮಾಡಿದವಳು ನಾನೇ.

ಪಾಯಸ ಒಂದು ದಿನದ್ದು, ಗಡ್ಡ ದಿನಾ ಬೆಳೆಯುವಂಥದ್ದು. ಸಂಕ್ರಾಂತಿ ಕಳೆದ ಮೇಲೆ ಚಿತ್ರೀಕರಣ ಎಂದರು. ಸಂಕ್ರಾಂತಿಗೆ ನಾಯಕನ ಡೇಟ್ಸ್ ಇಲ್ಲವಂತೆ. ಯುಗಾದಿಗೆ ಮುಹೂರ್ತ ಎಂದರು. ಯುಗಾದಿಗೆ ನಾಯಕಿ ಬದಲಾದಳು. ಆಮೇಲೆ ಆಷಾಢ ಬಂತು. ಆಷಾಢದಲ್ಲಿ ಕ್ಯಾಮೆರಾಗೆ ತೆಂಗಿನಕಾಯಿ ಒಡೆಯುವವರು ಯಾರಿದ್ದಾರೆ ಹೇಳಿ. ಇಷ್ಟರಲ್ಲಿ ಗಡ್ಡ ಎದೆಗಿಳಿದಿತ್ತು. ಸಾರು ಅನ್ನ ಉಂಡರೆ ಅರ್ಧ ಸಾರು ಗಡ್ಡಕ್ಕೆ. ರಾತ್ರಿ ಪರಪರ ಕೆರೆದುಕೊಳ್ಳುವ ಸದ್ದಿಗೆ ನನ್ನ ನಿದ್ದೆ ಹಾಳು. ಸಾಲದ್ದಕ್ಕೆ ಫೋನು ಟಿಂಗ್ ಎಂದಾಗಲೆಲ್ಲ ಕನ್ನಡಕ ಹುಡುಕಿ ಓಡುವುದು, ನೋಡಿದರೆ ಇನ್ಯಾವುದೋ ಚಿತ್ರದ ಇನ್ಯಾರದೋ ಬೆನ್ನು. ಯಾವ ಚಿತ್ರಕ್ಕೆ ಯಾರು ಬಂದರು, ಯಾರು ಬಿಟ್ಟರು ಎಂಬುದು ಇವರಿಗೆ ಬಾಯಿಪಾಠ. ಅಂಗಡಿಗೆ ಹೋದರೆ ಕೊತ್ತಂಬರಿ ತರುವುದು ಮಾತ್ರ ನೆನಪಿರುವುದಿಲ್ಲ. ನಲವತ್ತು ಮಕ್ಕಳ ತರಗತಿಯನ್ನು ಕಣ್ಣಲ್ಲೇ ಅಂಕೆಯಲ್ಲಿಟ್ಟ ಮೇಷ್ಟ್ರಮ್ಮ ನಾನು, ಒಂದು ಗಡ್ಡದ ಮುಂದೆ ಸೋತು ಸುಣ್ಣವಾದೆ.

ನೆಂಟರು ಬಂದರೆ ಇನ್ನೊಂದು ಫಜೀತಿ. ನಮ್ಮ ಕಡೆ ಗಂಡಸು ಸುಮ್ಮನೆ ಗಡ್ಡ ಬಿಡುವಂತಿಲ್ಲ, ಅದಕ್ಕೊಂದು ಕಾರಣ ಬೇಕು, ಆ ಕಾರಣ ನಾಲ್ಕು ಜನಕ್ಕೆ ಗೊತ್ತಿರಬೇಕು. ಮಾಲೆ ಹಾಕಿದ್ದಾರೆಯೇ ಎಂದರೆ, ಕಪ್ಪು ಪಂಚೆ ಇಲ್ಲ. ಸೂತಕವೇ ಎಂದರೆ, ಇಷ್ಟು ದಿನದ ಸೂತಕ ಎಲ್ಲಿಯದು. ಇನ್ನು ಉಳಿದದ್ದು, ಹೆಂಡತಿ ಬಸುರಿಯಾದಾಗ ಗಂಡ ಕ್ಷೌರ ಮಾಡಿಸಬಾರದು ಎನ್ನುವ ಹಳೆಯ ಪದ್ಧತಿ. ನನ್ನ ಓರಗಿತ್ತಿ ಅದನ್ನು ನೆನಪಿಸಿ, ನನ್ನ ಹೊಟ್ಟೆಯ ಕಡೆ ಒಮ್ಮೆ ನೋಡಿ, ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಈ ವಯಸ್ಸಿನಲ್ಲಿ ನನಗೆ ಈ ಕರ್ಮ ಬೇಕಿತ್ತೇ, ನೀವೇ ಹೇಳಿ. ಕೊನೆಗೆ ಪಕ್ಕದ ಮನೆಯ ಪಂಕಜಮ್ಮನವರು ಕಾಂಪೌಂಡಿನ ಆ ಕಡೆಯಿಂದ ನೇರವಾಗಿ ಕೇಳಿಯೇಬಿಟ್ಟರು: “ಏನ್ ಸಾರ್, ಹರಕೆನಾ?”

ಸಿನಿಮಾ ಎನ್ನುವಂತಿಲ್ಲ, ಗುಟ್ಟು. ನಮ್ಮ ಯಜಮಾನರು ಒಂದು ಕ್ಷಣ ತಡೆದು, ಆಕಾಶ ನೋಡಿ, ಅವರ ನಾಟಕದ ಆ ನಡುಗುವ ದನಿಯಲ್ಲಿ, “ಹೂಂ ಪಂಕಜಮ್ಮ. ಮಗಳ ಮದುವೆ ಕೂಡಿ ಬರ್ಲಿ ಅಂತ. ತಿಮ್ಮಪ್ಪಂಗೆ ಮುಡಿ” ಎಂದರು. ನಮ್ಮ ಮನೆಯಲ್ಲಿ ಮದುವೆಗೆ ಬಂದ ಮಗಳಿರುವುದು ಗೊತ್ತಿದ್ದ ಪಂಕಜಮ್ಮ ಅಲ್ಲೇ ಕೈ ಮುಗಿದರು. ಸಂಜೆಯೊಳಗೆ ಇಡೀ ಬೀದಿಗೆ ಸುದ್ದಿ ಹಬ್ಬಿತು, ಹೂವಿನವಳು ಒಂದು ಮೊಳ ಹೆಚ್ಚಿಗೆ ಕೊಟ್ಟು “ಅಕ್ಕ, ಅಣ್ಣಾವ್ರು ದೊಡ್ಡೋರು” ಎಂದಳು. ಒಳಗೆ ಬಂದ ಮೇಲೆ ನಾನು ಬೈದೆ. “ದೇವರ ಹೆಸರು ಹೇಳಿ ಸುಳ್ಳಾಡ್ತೀರಲ್ಲ, ನಾಲಿಗೆ ಬಿದ್ದು ಹೋಗಲ್ವಾ?” ಎಂದೆ. ಅವರು ಕನ್ನಡಿಯಲ್ಲಿ ಗಡ್ಡ ನೀವಿಕೊಳ್ಳುತ್ತ, “ದನಿ ಹೇಗಿತ್ತು ಹೇಳು” ಎಂದರು.

‘ಫೋನ್ ಮಾಡ್ತೀವಿ’ ಎಂಬ ಮಾತಿನ ಬಗ್ಗೆ ನನಗೆ ಮೊದಲಿನಿಂದಲೂ ಗುಮಾನಿ. ಆ ಮಾತಿನ ಅಜ್ಜಿಯನ್ನು ನಾನು ಬಲ್ಲೆ. ನನ್ನನ್ನು ನೋಡಲು ಗಂಡಿನ ಕಡೆಯವರು ಬರುತ್ತಿದ್ದ ಕಾಲದಲ್ಲಿ, ಉಪ್ಪಿಟ್ಟು ಕೇಸರಿಬಾತು ಮುಗಿಸಿ, ಒಂದು ಹಾಡು ಹೇಳಿಸಿ, ನಡೆಸಿ ನೋಡಿ, ಚಪ್ಪಲಿ ಮೆಟ್ಟುವಾಗ ‘ಊರಿಗೆ ಹೋಗಿ ಕಾಗದ ಹಾಕ್ತೀವಿ’ ಎನ್ನುತ್ತಿದ್ದರು. ಆ ಕಾಗದ ಬರುವುದಿಲ್ಲವೆಂದು ಅಪ್ಪನಿಗೆ ಗೊತ್ತು, ಅಮ್ಮನಿಗೆ ಗೊತ್ತು, ಗೋಡೆಯ ಗಡಿಯಾರಕ್ಕೂ ಗೊತ್ತು. ಆದರೂ ಅಂಚೆಯವನು ಬೀದಿಗೆ ಬರುವ ಹೊತ್ತಿಗೆ ನಾನು ರಂಗೋಲಿ ಸರಿಮಾಡುವ ನೆಪದಲ್ಲಿ ಹೊಸ್ತಿಲಲ್ಲಿ ಇರುತ್ತಿದ್ದೆ. ಬೇಡ ಎನ್ನುವುದಕ್ಕೆ ಎರಡೇ ಅಕ್ಷರ. ಅದನ್ನು ಹೇಳಲಾರದೆ ಜನ ಇನ್ನೊಬ್ಬರ ಬದುಕಿನ ಎಷ್ಟೊಂದು ದಿನಗಳನ್ನು ಇಸಿದುಕೊಂಡು ಹೋಗುತ್ತಾರೆ. ನೀರು ಬರುವ ದಿನ ಗೊತ್ತಿದ್ದರೆ ಬಿಂದಿಗೆ ಸಾಲಾಗಿಟ್ಟು ನೆಮ್ಮದಿಯಾಗಿ ಕಾಯಬಹುದು. ದಿನವೇ ಗೊತ್ತಿಲ್ಲದ ನೀರಿಗೆ ಕಾಯುವವನು ನಲ್ಲಿಯ ಪಕ್ಕದಿಂದ ಏಳಲಾರ, ಮಲಗಲಾರ. ನಮ್ಮವರು ಹಾಗೆ ಕಾಯುತ್ತಿದ್ದರು. ನನ್ನ ಸಿಟ್ಟೆಲ್ಲ ಗಡ್ಡದ ಮೇಲೆ ಎಂದು ಅವರು ತಿಳಿದಿದ್ದರು. ಸಿಟ್ಟು ಇದ್ದದ್ದು ಆ ಕಾಯಿಸುವವರ ಮೇಲೆ.

ಶ್ರಾವಣ ಹುಟ್ಟಿದ ವಾರ ನಮ್ಮ ಮಗಳು ವರ್ಷಾ ಊಟಕ್ಕೆ ಕೂತಾಗ ತಟ್ಟೆ ನೋಡುತ್ತ, ತನ್ನ ಆಫೀಸಿನಲ್ಲಿ ಒಬ್ಬ ಹುಡುಗ ಇದ್ದಾನೆ, ಅವರ ಮನೆಯವರು ಬಂದು ಮಾತಾಡುತ್ತಾರಂತೆ ಎಂದಳು. ಬಂದರು, ಮಾತಾಡಿದರು, ಒಳ್ಳೆಯ ಜನ; ಬಸವೇಶ್ವರನಗರದವರು, ದೂರವೂ ಇಲ್ಲ. ಹೋಗುವಾಗ ಊರಿಗೆ ಹೋಗಿ ಹೇಳ್ತೀವಿ ಎನ್ನಲಿಲ್ಲ, ನಿಶ್ಚಿತಾರ್ಥ ಯಾವತ್ತು ಇಟ್ಟುಕೊಳ್ಳೋಣ ಎಂದರು. ಪಂಕಜಮ್ಮನವರಿಗೆ ಅಚ್ಚರಿಯೇನೂ ಆಗಲಿಲ್ಲ. “ನೋಡಿ, ಗಡ್ಡ ಬಿಟ್ಟಿದ್ದು ಸಾರ್ಥಕ ಆಯ್ತು. ತಿಮ್ಮಪ್ಪ ಸಾಲ ಇಟ್ಕೊಳಲ್ಲ” ಎಂದರು. ಆ ಮಾತು ಕೇಳಿ ನನಗೆ ಒಳಗೊಳಗೇ ಚುರುಕ್ಕೆಂದಿತು. ಮಗಳನ್ನು ಮೆಚ್ಚಿದ್ದು ಹುಡುಗ, ಅದು ಸರಿ, ಆದರೂ ಇವರು ಬಾಯಲ್ಲಿ ಆಡಿದ್ದು ಅಲ್ಲಿಗೆ ನಿಜವಾಗಿತ್ತಲ್ಲ.

ಹುಡುಗನ ಮನೆಯವರು ಬಂದು ಹೋದ ಮರುದಿನ ನಾನು ಕೆಂಗೇರಿಯಲ್ಲಿರುವ ನನ್ನ ತಂಗಿಗೆ ವಿಷಯ ಹೇಳಿ ಬರೋಣವೆಂದು ಹೊಸಹಳ್ಳಿಯಲ್ಲಿ ಮೆಟ್ರೋ ಹತ್ತಿದೆ. ಬಾಗಿಲ ಪಕ್ಕದ ಸೀಟು ಸಿಕ್ಕಿತು, ಮೊಬೈಲು ತೆಗೆದೆ. ಬೇಡದ ಸುದ್ದಿಯನ್ನು ಬೇಡದ ಹೊತ್ತಿನಲ್ಲಿ ತಂದಿಡುವುದು ಆ ಯಂತ್ರಕ್ಕೆ ಚೆನ್ನಾಗಿ ಗೊತ್ತು. ನಾಯಂಡಹಳ್ಳಿ ಬರುವಷ್ಟರಲ್ಲಿ ಕಣ್ಣಿಗೆ ಬಿತ್ತು: ಅದೇ ಚಿತ್ರ, ಅದೇ ನಿರ್ದೇಶಕ, ತಂದೆಯ ಪಾತ್ರದಲ್ಲಿ ಪರಭಾಷೆಯ ಒಬ್ಬ ದೊಡ್ಡ ನಟ. ಪೋಸ್ಟರಿನಲ್ಲಿ ಆತ ಜಗುಲಿಯ ಮೇಲೆ ಕೂತು ದೂರ ನೋಡುತ್ತಿದ್ದ, ಎದೆಗಿಳಿದ ಬಿಳಿ ಗಡ್ಡ. ನಾನು ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿದೆ, ಕಿವಿಯ ಹತ್ತಿರಕ್ಕೆ ಹೋದೆ. ಇಷ್ಟು ವರ್ಷ ಗಡ್ಡ ಬಿಡಿಸಿದ ಕೈ ಇದು, ನನಗೆ ಯಾರು ಹೇಳಿಕೊಡಬೇಕು? ಅಂಟಿಸಿದ ಗಡ್ಡ. ನಮ್ಮ ಮನೆಯಲ್ಲಿ ಚರ್ಮದಿಂದ ಎದ್ದು ಬಂದ ಗಡ್ಡ ಎಣ್ಣೆ ಹಾಕಿಸಿಕೊಂಡು ಕಾಯುತ್ತಿದೆ, ಇಲ್ಲಿ ಗೋಂದಿನ ಗಡ್ಡಕ್ಕೆ ಪೋಸ್ಟರು. ಯಾರದೋ ಗಡ್ಡಕ್ಕೆ ಬೆಂಕಿ ಹತ್ತಿದರೆ ಇನ್ಯಾರೋ ಬೀಡಿ ಹಚ್ಚಿಕೊಂಡರಂತೆ. ಬೇರೆ ದಿನವಾಗಿದ್ದರೆ, ಸದ್ಯ, ಇನ್ನಾದರೂ ಗಡ್ಡ ಬೋಳಿಸುತ್ತಾರೆ ಎಂದು ಸಮಾಧಾನಪಟ್ಟುಕೊಳ್ಳಬೇಕಾದವಳು ನಾನು. ಆಗಲಿಲ್ಲ. ನಾಯಂಡಹಳ್ಳಿಯಲ್ಲಿ ಇಳಿದು, ಎದುರಿನ ಪ್ಲಾಟ್‌ಫಾರ್ಮಿಗೆ ಹೋಗಿ, ಮನೆ ಕಡೆಯ ಗಾಡಿ ಹತ್ತಿದೆ.

ದಾರಿಯಲ್ಲಿ ಆ ಸಹನಿರ್ದೇಶಕನಿಗೆ ಫೋನ್ ಮಾಡಿದೆ. ನಂಬರು ನನ್ನಲ್ಲಿತ್ತು, ಇವರು ಎಂದಾದರೂ ಫೋನ್ ಮರೆತು ಹೋದರೆ ಇರಲೆಂದು ಕೊಟ್ಟಿದ್ದರು. “ಆಂಟಿ, ಮಾರ್ಕೆಟ್‌ಗೆ ಅಂತ ಪ್ರೊಡ್ಯೂಸರ್ ಚೇಂಜ್ ಮಾಡ್ಸಿದ್ರು, ನಮ್ ಕೈಲಿ ಏನೂ ಇರ್ಲಿಲ್ಲ” ಎಂದ. “ಅದನ್ನ ಅವರಿಗೆ ಒಂದು ಮಾತು ಹೇಳೋದಕ್ಕೆ ಯಾರ ಪರ್ಮಿಷನ್ ಬೇಕಿತ್ತಪ್ಪಾ?” ಎಂದೆ. ಅವನು ದನಿ ತಗ್ಗಿಸಿ, “ಸಾರ್‌ಗೆ ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ ಆಂಟಿ” ಎಂದ. ಬೈಯಲೆಂದು ಬಾಯಿ ತೆರೆದವಳು ಬೈಯಲಾರದೆ ಹೋದೆ. ಏಕೆಂದರೆ ನನಗೂ ಅದೇ ಪ್ರಶ್ನೆ ಎದುರಿಗಿತ್ತು.

ಮನೆಗೆ ಬಂದರೆ ಇವರು ತುಳಸಿಗೆ ನೀರು ಹಾಕಿ ಮುಗಿಸಿ, ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದರು. “ಏನು, ಇಷ್ಟು ಬೇಗ ಬಂದೆ?” ಎಂದರು. ತಲೆನೋವು ಎಂದೆ. ಕಾಫಿ ಮಾಡಿ ತಂದೆ, ಪಕ್ಕದಲ್ಲಿ ಕೂತೆ, ಹೇಳೋಣವೆಂದು ಗಂಟಲವರೆಗೆ ಬಂದದ್ದನ್ನು ಕಾಫಿಯ ಜೊತೆ ನುಂಗಿದೆ. ಅಷ್ಟರಲ್ಲಿ ಅವರ ಫೋನು ಟಿಂಗ್ ಎಂದಿತು. ನಾಟಕದ ಹಳೆಯ ಗೆಳೆಯರ ಗುಂಪಿನಲ್ಲಿ ಯಾರೋ, ಪಾಪ, ಏನೂ ತಿಳಿಯದೆ, ಆ ಪೋಸ್ಟರ್ ಹಾಕಿದ್ದರು. ಕನ್ನಡಕ ಏರಿಸಿ ನೋಡಿದರು. ನಾನು ಅವರನ್ನು ನೋಡಲಾರದೆ ಗೇಟು ನೋಡುತ್ತ ಕೂತೆ. ಬಹಳ ಹೊತ್ತಾದ ಮೇಲೆ ಫೋನನ್ನು ನನ್ನ ಕಡೆ ಹಿಡಿದರು.

“ಅಂಟಿಸಿದ್ದಾರೆ ಕಣೇ. ಕಿವಿ ಹತ್ರ ನೋಡು, ಗಮ್ ಎದ್ದಿದೆ.”

“ಹೌದು ರೀ” ಎಂದೆ.

“ಆದ್ರೆ ಕಣ್ಣು ಚೆನ್ನಾಗಿದೆ. ಕಾಯೋ ಕಣ್ಣು ಬಂದಿದೆ” ಎಂದರು. ಇಷ್ಟೇ. ಕಾಫಿ ಲೋಟವನ್ನು ಒಳಗಿಟ್ಟು ಬಚ್ಚಲುಮನೆಗೆ ಹೋದರು. ಕಿಟಕಿಯ ಲೋಟದಿಂದ ನನ್ನ ಕ್ಲಿಪ್ಪು, ಪಿನ್ನುಗಳನ್ನು ಸುರಿದ ಸದ್ದು ಕೇಳಿಸಿತು, ಆಮೇಲೆ ನಲ್ಲಿಯ ಸದ್ದು.

ನಾನು ಎದ್ದು ಓಡಿದೆ. ಒಂದು ಕೈಯಲ್ಲಿ ಒದ್ದೆ ಬ್ರಷ್ಷು, ಇನ್ನೊಂದರಲ್ಲಿ ಗಡ್ಡವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕನ್ನಡಿಯ ಮುಂದೆ ನಿಂತಿದ್ದರು, ಕತ್ತರಿ ಪಕ್ಕದಲ್ಲಿತ್ತು. ನನ್ನ ಬಾಯಿಂದ ಬಂದ ಮಾತು ನನಗೇ ಹೊಸದು. “ಮನೇಲಿ ತೆಗೀಬೇಡಿ ರೀ. ಹರಕೆ ಅಂದಿದೀರ” ಎಂದೆ.

“ಅದು ಸುಳ್ಳು ಕಣೇ. ನಿಂಗೇ ಗೊತ್ತಲ್ಲ.”

“ನೀವು ಹೇಳಿದ್ದು ಸುಳ್ಳಿರಬಹುದು. ಕೇಳಿಸ್ಕೊಂಡವನು ನಿಜ ಅಂತ ತಿಳ್ಕೊಂಡು ಮಗಳ ಮದುವೆ ಮಾಡಿಸ್ತಿದಾನೆ. ಈಗ ಬಚ್ಚಲಿಗೆ ಹಾಕಿದ್ರೆ ಆಗುತ್ತಾ?”

ದೈವಭಕ್ತಿಯಿಂದ ಹಾಗಂದೆ ಎಂದು ನಿಮ್ಮ ಮುಂದೆ ಹೇಳಿಕೊಳ್ಳಬಹುದು. ಆದರೆ ನನಗೆ ಕಂಡದ್ದು ಬಚ್ಚಲ ಮೂಲೆಯ ಆ ಜಾಲರಿ. ಸಂಕ್ರಾಂತಿ, ಯುಗಾದಿ, ಆಷಾಢ, ಎಲ್ಲ ಹಬ್ಬಗಳನ್ನೂ ದಾಟಿ ಈ ಮನುಷ್ಯ ಕಾಪಾಡಿಕೊಂಡು ಬಂದ ಆಸೆ ಆ ಜಾಲರಿಗೆ ಸಿಕ್ಕಿಕೊಂಡು, ನಾಳೆ ಬೆಳಿಗ್ಗೆ ನಾನು ಅದನ್ನು ಕಡ್ಡಿಯಿಂದ ಎತ್ತಿ ಕಸದ ಗಾಡಿಗೆ ಹಾಕುವುದು ನನ್ನಿಂದ ಸಾಧ್ಯವಿರಲಿಲ್ಲ. ಹೋಗುವುದಿದ್ದರೆ ಅದು ಕೈ ಮುಗಿಯುವ ಜಾಗದಲ್ಲಿ ಹೋಗಲಿ ಎನಿಸಿತು. ಅವರು ಮುಷ್ಟಿ ಸಡಿಲಿಸಿದರು, ಬ್ರಷ್ಷನ್ನು ಕೊಡವಿ ಲೋಟದಲ್ಲಿ ನಿಲ್ಲಿಸಿದರು, ಬಾಗಿಲಿಗೆ ಒರಗಿಕೊಂಡು ಸ್ವಲ್ಪ ಹೊತ್ತು ಅತ್ತರು. ನಾಟಕದಲ್ಲಿ ಅವರು ಅಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಇದರಲ್ಲಿ ದನಿ ಇರಲಿಲ್ಲ.

ನಿಶ್ಚಿತಾರ್ಥಕ್ಕೆ ಮುಂಚೆ ಮೂವರೂ ತಿರುಪತಿಗೆ ಹೋಗಿ ಬಂದೆವು. ಗಡ್ಡ, ತಲೆ ಎರಡೂ ಕೊಟ್ಟರು. ಕೊಡುವಾಗ ಕಣ್ಣು ಮುಚ್ಚಿ ಮಗಳ ಹೆಸರು ಹೇಳಿದ್ದನ್ನು ನಾನು ಕೇಳಿಸಿಕೊಂಡೆ. ಅಲ್ಲಿಗೆ ಸುಳ್ಳಿನ ಹರಕೆ ನಿಜವಾಗಿ ತೀರಿತು. ಲಾಡು ಕೊಡಲು ಹೋದಾಗ ಪಂಕಜಮ್ಮ ಇವರ ಬೋಳು ಮುಖವನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿ, “ಏನೇ ಹೇಳಿ ಸಾರ್, ಗಡ್ಡದಲ್ಲೇ ಲಕ್ಷಣವಾಗಿದ್ರಿ” ಎಂದರು. ಈ ಮಾತನ್ನು ಮೊದಲೇ ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತೋ ಕಾಣೆ.

ಈಗ ಮತ್ತೆ ಬ್ರಷ್ಷು ಬೆಳಿಗ್ಗೆ ಒದ್ದೆಯಾಗುತ್ತಿದೆ. ಕಿಟಕಿಯ ಅಂಚಿನಲ್ಲಿ ನೊರೆ ಚೆಲ್ಲುತ್ತದೆ, ನಾನು ಒರೆಸುತ್ತೇನೆ, ಗೊಣಗುವುದನ್ನು ಮಾತ್ರ ಸ್ವಲ್ಪ ಕಡಿಮೆ ಮಾಡಿದ್ದೇನೆ. ಅವರ ಫೋನು ಟಿಂಗ್ ಎಂದರೆ ಈಗ ಅವರು ಏಳುವುದಿಲ್ಲ. ನಾನು ನೋಡುತ್ತೇನೆ. ಯಾವಾಗಿನಿಂದ ಈ ಚಟ ಅಂಟಿತೋ ಗೊತ್ತಿಲ್ಲ, ಯಾರ ಚಿತ್ರ, ಯಾವ ಪಾತ್ರ, ಯಾರು ಒಲ್ಲೆ ಎಂದರು ಎಂದು ಹುಡುಕಿ ಹುಡುಕಿ ಓದುತ್ತೇನೆ, ಓದಿ ಬೈಯುತ್ತೇನೆ, ಬೈದು ಮತ್ತೆ ಓದುತ್ತೇನೆ.

ಮೊನ್ನೆ ಬೆಳಿಗ್ಗೆ ಆ ಸಹನಿರ್ದೇಶಕನೇ ನನ್ನ ಫೋನಿಗೆ ಒಂದು ಸಂದೇಶ ಹಾಕಿದ್ದ. ಅವನೇ ಸ್ವತಂತ್ರವಾಗಿ ಒಂದು ಚಿತ್ರ ಮಾಡಲಿದ್ದಾನಂತೆ, ಸಣ್ಣ ಚಿತ್ರವಂತೆ, ಗಡ್ಡದ ಅಜ್ಜನ ಪಾತ್ರವಂತೆ. ‘ಸಾರ್ ಕಥೆ ಕೇಳ್ತಾರಾ ಆಂಟಿ?’ ಎಂದು ಬರೆದಿದ್ದ. ಇನ್ನೂ ನಿರ್ಮಾಪಕರಿಲ್ಲ, ಹೆಸರಿಲ್ಲ, ದಿನಾಂಕವಿಲ್ಲ. ಬರಲಿರುವ ಚಿತ್ರವೂ ಅಲ್ಲ ಅದು, ಬರಬಹುದೇನೋ ಎನ್ನುವ ಚಿತ್ರ. ಓದಿ ಮೈಯೆಲ್ಲ ಉರಿಯಿತು. ಫೋನು ಹಿಡಿದುಕೊಂಡೇ ಬಚ್ಚಲುಮನೆಯ ಬಾಗಿಲಿಗೆ ಹೋದೆ. ಇವರು ಕನ್ನಡಿಯ ಮುಂದೆ ಬ್ರಷ್ಷು ಒದ್ದೆ ಮಾಡಿಕೊಂಡು, ಒಂದು ಕೆನ್ನೆಗೆ ಆಗಲೇ ನೊರೆ ಹಚ್ಚಿದ್ದರು.

“ಸ್ವಲ್ಪ ತಡೀರಿ” ಎಂದೆ, ಫೋನನ್ನು ಅವರ ಮುಂದೆ ಹಿಡಿದೆ.

ನಿಧಾನವಾಗಿ ಓದಿದರು. ನೊರೆಯ ಕೆನ್ನೆ, ನೊರೆಯಿಲ್ಲದ ಕೆನ್ನೆ ಎರಡನ್ನೂ ಕನ್ನಡಿಯಲ್ಲಿ ನೋಡಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, “ಹರಕೆ ತೀರಿಹೋಯ್ತಲ್ಲೇ. ಪಂಕಜಮ್ಮ ಕೇಳಿದ್ರೆ ಈ ಸಲ ಏನು ಹೇಳೋದು?” ಎಂದರು.

ನಾನು ಅವರ ಕೈಯಿಂದ ಬ್ರಷ್ಷು ತೆಗೆದುಕೊಂಡು, ತೊಳೆದು, ಲೋಟದಲ್ಲಿ ನಿಲ್ಲಿಸಿದೆ.

“ನಮ್ಮೆಜಮಾನ್ರು ಆ್ಯಕ್ಟರು, ಪಾತ್ರಕ್ಕೆ ಗಡ್ಡ ಬಿಟ್ಟಿದಾರೆ ಅಂತ ನಾನೇ ಹೇಳ್ತೀನಿ. ನೀವು ಮುಖ ಒರೆಸ್ಕೊಳ್ಳಿ.”